ಕೆಂಪು ಗುರುತಿನ ಮೇಲಿನ ಮರಳು

ಆ ಬೆಳಗು ಮರುಭೂಮಿಯ ಬಿಸಿಗಾಳಿಯೊಂದಿಗೇ ಎದ್ದಿತು. ತಿಂಗಳಿನಿಂದ ಎಲೆಯನ್ನೂ ಅಲುಗಿಸದಿದ್ದ ಗಾಳಿ, ಸೂರ್ಯದೇವ ರಾ ಮುಖ ತೋರುವ ಮೊದಲೇ ಮರಳನ್ನು ಮೊಗೆಮೊಗೆದು ಎರಚತೊಡಗಿತ್ತು. ರೊಟ್ಟಿ ಸುಡುವ ಇಪಿ ಒಲೆಗೆ ಮರೆ ಕಟ್ಟುತ್ತಿದ್ದಾಗ ಖೂಫು ದೊರೆಗೆ ಕಟ್ಟುತ್ತಿದ್ದ ಪಿರಮಿಡ್ ಗೋರಿಯ ಕಡೆಯಿಂದ ಚೀತ್ಕಾರ ಕೇಳಿತು.

ಅವನು ಓಡಿಹೋಗಿ ನೋಡಿದ. ಇಳಿಜಾರಿನಲ್ಲಿ ಹಗ್ಗ ಬಿಗಿದು ನಿಲ್ಲಿಸಿದ್ದ ನೂರಾರು ಬಂಡೆಗಳಲ್ಲೊಂದು ಹಗ್ಗ ಕಡಿದು ಜಾರಿ ಉರುಳಿ, ಮುದುಕ ಕಲ್ಲುಕುಟಿಗ ಹೆಸಿಯನ್ನು ಅರೆದುಹಾಕಿತ್ತು. ಮೊದಲು ಕಂಡವನು ಅವನ ಮಗ, ತಂಡವೊಂದರ ಮುಖಂಡ ಕಾಯ್. ತಲೆಗೆ ಮಣ್ಣೆರಚಿಕೊಂಡು, ಅಂಗೈಗಳಿಗೂ ಮಣ್ಣುಜ್ಜಿಕೊಳ್ಳುತ್ತ ಗೋಳಾಡುತ್ತಿದ್ದ. ಬಂಡೆಯ ಮೇಲೆ ಕೆಂಪು ಬಣ್ಣದ ಎರಡು ಮೀನು. ಅದು ಇಪಿಯ ತಮ್ಮ ಮೆರುವಿನ ತಂಡದ ಗುರುತು.

"ಕೊಳೆತ ಹಗ್ಗ ಕಾಣದವನಿಗೆ ದೊರೆಯ ಗೋರಿಯ ನೆರಳಲ್ಲಿ ಜಾಗ ಇಲ್ಲ" ಎಂದ ಮೇಲ್ವಿಚಾರಕ. ಮೆರು ತನಗಾಗಿ ಕಟ್ಟಿಕೊಂಡಿದ್ದ ಪುಟ್ಟ ಗೋರಿಯಿಂದ ಹೆಸರಿನ ಕಲ್ಲನ್ನು ಆಳುಗಳು ಕಿತ್ತು ತಂದರು. ಸಂಜೆಗೆ ಅದನ್ನು ಒಡೆಯಬೇಕು. ಹೆಸರು ಅಳಿದವನನ್ನು ಆಚೆ ಲೋಕದಲ್ಲಿ ಊಟಕ್ಕೆ ಕರೆಯುವವರು ಯಾರು?

ಇಪಿ ಹಾಥೋರ್ ದೇವಿಯ ಪೂಜಾರಿಣಿ ಹೆನುತಳ ಕಾಲಿಗೆ ಬಿದ್ದ. ಆ ಕೆಲಸಗಾರರ ಊರಿನ ಎಷ್ಟೋ ಗಂಟುಗಳನ್ನು ಬಿಡಿಸಿದ ಮುದುಕಿ ಆಕೆ.

"ಅಮ್ಮಾ, ನನ್ ತಮ್ಮ ಹಗ್ಗ ಮುಟ್ಟಿ ನೋಡ್ದೇ ಮಲಗೋನಲ್ಲ!"

"ಹಿಟ್ಟಿನ ಕೈಯಲ್ಲೇ ಓಡಿ ಬಂದಿದೀಯಲ್ಲೋ! ನಡಿ, ಕಲ್ಲನ್ನೇ ಕೇಳೋಣ."

ಬಂಡೆಯ ಬಳಿ ಆಕೆ ಗುರುತನ್ನು ಸವರಿದಳು. "ಇಪಿ, ಮುಟ್ಟಿ ನೋಡು."

"ತರಿತರಿ ಅಂತಿದೆ ಅಮ್ಮಾ, ಇವತ್ತಿನ ನನ್ ರೊಟ್ಟಿ ಥರಾನೇ."

"ಪಕ್ಕದ ಬಂಡೆಗಳ ಗುರುತು?"

"ನುಣ್ಣಗಿವೆ."

"ರೊಟ್ಟಿ ಸುಡೋನಿಗೆ ಕಲ್ಲಿನ ಗೊಡವೆ ಯಾಕಂತೆ?" ಕಾಯ್ ಕಣ್ಣೀರಿನಲ್ಲೇ ಸಿಡುಕಿದ.

ಹೆನುತ್ ಮೇಲ್ವಿಚಾರಕನನ್ನೂ ಮೆರುವನ್ನೂ ಉಳಿದ ತಂಡಗಳನ್ನೂ ಸುತ್ತ ಕೂಡಿಸಿದಳು.

"ಗುರುತು ಬರೆಯೋದು ಎಲ್ಲಿ?"

"ಗಣಿಯಲ್ಲಿ" ಎಂದರು ಹಲವರು.

"ಈ ಬಂಡೆಗಳು ಬಂದು ಹತ್ತು ದಿನ ಆಯ್ತು. ಗಾಳಿ ಎದ್ದದ್ದು ಇವತ್ತು. ಒಣಗಿದ ಬಣ್ಣಕ್ಕೆ ಮರಳು ಹತ್ತಲ್ಲ. ಈ ಮೀನಿನ ಮೈತುಂಬ ಮರಳಿದೆ. ಅಂದ್ರೆ ಗಾಳಿ ಬೀಸೋವಾಗ ಇದಿನ್ನೂ ಹಸಿ. ಇಲ್ನೋಡಿ, ಬಣ್ಣದ ಹನಿ ನೆಲದ ಕಡೆಗೇ ಇಳಿದಿದೆ. ಉರುಳೋ ಮೊದಲೇ ಬರೆದಿದ್ರೆ ಹನಿಯ ದಿಕ್ಕೂ ತಿರುಗಿರ್ತಿತ್ತು. ಬಂಡೆ ಬಿದ್ದ ಮೇಲೆ ಬರೆದದ್ದು. ನಿಜವಾದ ಗುರುತು ಅಡಿಯಲ್ಲಿದೆ. ಮಗುಚಿ!"

ಇಪ್ಪತ್ತು ಜನ ಸನ್ನೆಗೋಲು ಹಾಕಿದರು. ಬಂಡೆ ಮಗುಚಿತು. ಅಡಿಯಲ್ಲಿ ನೆತ್ತರಿನ ನಡುವೆ ಒಂಟಿ ಕಾಲಿನ ಕೊಕ್ಕರೆ: ಕಾಯ್‌ನ ತಂಡ.

ಇಪಿ ಕಾಯ್‌ನತ್ತ ತಿರುಗಿದ. ಅಪ್ಪನ ಹೆಣದ ಪಕ್ಕ ಕೂತು ಮೀನು ಬರೆದನೇ ಇವನು?

"ದುಃಖಕ್ಕೆ ತಲೆಗೆ ಮಣ್ಣು ಹಾಕ್ಕೋತಾರೆ" ಹೆನುತಳ ದನಿ ತಗ್ಗಿತು. "ಅಂಗೈಗೆ ಯಾಕೆ ಉಜ್ಜಿಕೊಂಡೆ ಮಗಾ?"

ಕಾಯ್ ಕೈ ಬಿಚ್ಚಿದ. ಉಗುರಿನ ಸಂದಿಯಲ್ಲಿ ಅದೇ ಕೆಂಪು ಬಣ್ಣ.

"ಹಗ್ಗ ಬದಲಾಯ್ಸೋ ಅಂತ ಅಪ್ಪ ನಿನ್ನೇನೇ ಹೇಳ್ದ. ನಾಳೆ ಅಂದೆ. ಬೆಳಗ್ಗೆ ತಾನೇ ಬಿಗಿಯೋಕೆ ಹೋಗಿದಾನೆ... ಅಪ್ಪನ್ನ ಕೊಂದ ಮಗನ ಎಡೆ ಅಪ್ಪನಿಗೆ ಮುಟ್ಟುತ್ತಾ ಅಮ್ಮಾ? ಉಪವಾಸ ಬೀಳ್ತಾನೆ ಅಂತ ಹೆದರಿ..."

"ಇನ್ನೊಬ್ಬನ ಹೆಸರು ಕದ್ದ ಕೈಯಿಂದ ಮುಟ್ಟಲ್ಲ. ಮೊದಲು ಕೈ ತೊಳಕೋ."

ಮೇಲ್ವಿಚಾರಕ ಹೆಸರಿನ ಕಲ್ಲನ್ನು ಒಡೆಯದಂತೆ ಆಳುಗಳಿಗೆ ಸನ್ನೆ ಮಾಡಿದ. ಕಾಯ್ ಕಾಲುವೆಗೆ ಹೋಗಿ ಉಗುರು ಕಿತ್ತುಬರುವ ಹಾಗೆ ಉಜ್ಜಿ ಬಂದ. ಕಿತ್ತು ತಂದಿದ್ದ ಹೆಸರಿನ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದ. ಅದರ ಅಕ್ಷರಗಳ ಸಂದಿನ ಮರಳನ್ನು ಒದ್ದೆ ಬೆರಳಿನಿಂದ ಒಂದೊಂದಾಗಿ ತೆಗೆದು, ಮೆರುವಿನ ಕೈಗಿಟ್ಟ.