ಮೂರನೇ ಕುರ್ಚಿಯ ಆಟ

ಒಂದು ರೊಟ್ಟಿ ಹಂಚಿನ ಮೇಲಿತ್ತು, ಇನ್ನೊಂದು ಅರ್ಧ ತಟ್ಟಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

"ಪಂಪೀ, ಯಾರದಾರ ನೋಡವ್ವ!"

ಮಗಳು ಏಳುವ ಮೊದಲೇ ಒಂದು ಹೆಣ್ಣುದನಿ ಕೇಳಿತು. "ಶ್ರೀನಾಥ್ ಅವರ ಮನೆ ಇದೇನಾ?"

ಸುಜಾತಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಹೊಸಿಲಾಚೆ ನಿಂತವಳಿಗೆ ಇಪ್ಪತ್ತೆಂಟು ಇದ್ದೀತು. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಹಳೆಯ ಬಿಸ್ಕತ್ ಡಬ್ಬಿ. ನಗುವ ಕಣ್ಣು.

"ಎದುರು ಮನಿ. ನೀವ್ಯಾರು?"

"ಸಂಘಮಿತ್ರಾ ಅಂತ. ಹರಪನಹಳ್ಳಿಯಿಂದ ಬಂದೆ ಅಕ್ಕ. ಅವರು ನನಗೋಸ್ಕರ ಕಾಯ್ತಿರ್ತಾರೆ."

ಕಾಯ್ತಿರ್ತಾರೆ!

ಎದುರಿನ ಬಾಗಿಲು ತೆರೆಯಿತು. ಶ್ರೀನಾಥ ಹೊರಗೆ ಬಂದ. ಇಸ್ತ್ರಿ ಮಾಡಿದ ನೀಲಿ ಅಂಗಿ... ಅದೂ ಭಾನುವಾರ!

"ಬಾ ಬಾ, ದಾರಿ ಸಿಕ್ತೇನು?" ಅವನ ಮುಖ ಅರಳಿತ್ತು.

ಒಳಗೆ ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಸುಜಾತಾಳಿಗೆ ಹೊಗೆ ಕಂಡಿತು. ಆದರೂ ಅವಳು ಕದಲಲಿಲ್ಲ.

"ಅವ್ವ... ಒಂದು ಕೇಳ್ಲೇನು?" ಪಂಪಾ ಸೆರಗು ಎಳೆದಳು.

"ಈಗ ಬ್ಯಾಡ."

ಪಂಪಾಗೆ ನಾಲ್ಕು ವರ್ಷವಿದ್ದಾಗ ಸುಜಾತಾಳ ಗಂಡ ತೀರಿಕೊಂಡಿದ್ದ. ಈಗ ಮಗಳಿಗೆ ಒಂಬತ್ತು. ರವಿಕೆ ಹೊಲಿದು ಸುಜಾತಾ ಮನೆ ನಡೆಸುತ್ತಿದ್ದಳು. ಶ್ರೀನಾಥ ಎದುರು ಮನೆಗೆ ಬಂದು ಮೂರು ವರ್ಷವಾಗಿತ್ತು. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟವನು. ಒಂಟಿ ಮನುಷ್ಯ, ಮಾತು ಕಡಿಮೆ. ಮಾತು ಬರುತ್ತಿದ್ದುದು ಒಂದೇ ವಿಷಯಕ್ಕೆ: ಕಾರ್ಡಿನ ಆಟ.

ಆ ಕಾರ್ಡುಗಳನ್ನು ಅವನೇ ಬರೆದು, ಮಿಕ್ಕ ಲಗ್ನಪತ್ರಿಕೆ ಹಾಳೆಯಲ್ಲಿ ಅಚ್ಚು ಹಾಕಿ, ಮೂಲೆ ಕತ್ತರಿಸುತ್ತಿದ್ದ. ಗುಡ್ಡದ ಚಿರತೆ, ಹೊಳೆಯ ಮೊಸಳೆ, ಬೆನ್ನ ಮೇಲೆ ಮರಿ ಹೊತ್ತ ತಾಯಿಕರಡಿ... ಒಂದೊಂದಕ್ಕೂ ಒಂದೊಂದು ಶಕ್ತಿ.

ಆಟ ಹೇಗೆಂದು ಪಂಪಾ ಅವ್ವನಿಗೆ ಎಷ್ಟೋ ಸಲ ಹೇಳಿದ್ದಳು. "ಇದಕ್ಕ ಡ್ರಾಫ್ಟ್ ಅಂತಾರವ್ವ. ಕೈಗೆ ಬಂದ ಕಾರ್ಡಿನಾಗ ಬೇಕಾದ್ದು ಒಂದ ತಗೋಬೇಕು. ಉಳಿದಿದ್ದು ಎಡಗಡೆಯವ್ರಿಗೆ ದಾಟಿಸ್ಬೇಕು. ದಾಟಿಸಿದ್ದು ಹೋತು ಅಂತ ತಿಳ್ಕಾ, ಅವ್ರು ತಗಂಡ್ಬಿಡ್ತಾರ! ಹಿಂಗ ಕೂಡಿಸಿದ ಕಾರ್ಡಿನಾಗ ಆಡಾದು."

ಅದಕ್ಕೆ ಎಂಟು ಜನ ಬೇಕಂತೆ. ಕೊಟ್ಟೂರಿನಲ್ಲಿ ಎಂಟು ಜನ ಎಲ್ಲಿ ಸಿಗಬೇಕು? ಮೂವರಿಗೇ ಆಗುವ ಹಾಗೆ ಹೊಸ ನಿಯಮ ಮಾಡಲು ಶ್ರೀನಾಥ ಹೊರಟಿದ್ದ. ಯುಗಾದಿಯ ಮರುದಿನ ಬಾಗಿಲಲ್ಲಿ ನಿಂತು ಕೇಳಿಯೂ ಇದ್ದ. "ಭಾನುವಾರ ನೀವೂ ಬರ್ರಲ್ಲ, ಸುಜಾತಾರ."

"ನನಗೇನ್ ತಿಳಿತೈತ್ರಿ ಅದು? ತಿಳಿಯೋರ್ನ ಕರ್ಕಳ್ರಿ," ಎಂದು ಅವಳು ನಕ್ಕುಬಿಟ್ಟಿದ್ದಳು.

ಈಗ ಕರೆದುಕೊಂಡಿದ್ದಾನೆ... ತಿಳಿಯುವವಳನ್ನು!

ಸಂಘಮಿತ್ರಾ ಪ್ರತಿ ಭಾನುವಾರ ಬಂದಳು. ಸುಜಾತಾ ಹೊಲಿಗೆ ಮಿಷನ್ನನ್ನು ಕಿಟಕಿಯಿಂದ ದೂರ ಸರಿಸಿದಳು. ಹತ್ತು ನಿಮಿಷಕ್ಕೆ ಮತ್ತೆ ಕಿಟಕಿಗೇ ಎಳೆದಳು. ಬೆಳಕು ಸಾಲದು ಎಂದು ತನಗೆ ತಾನೇ ಹೇಳಿಕೊಂಡಳು. ಎದುರು ಮನೆಯಲ್ಲಿ ನಗು ಎದ್ದಾಗಲೆಲ್ಲ ದಾರ ತುಂಡಾಯಿತು. ಒಂದು ರವಿಕೆಗೆ ಎರಡೂ ಎಡಗೈ ತೋಳು ಕೂರಿಸಿದಳು!

'ನನಗ್ಯಾಕ ಸಂಕಟ? ಅಂವ ನನಗೇನಾಗಬೇಕು?'

ಉತ್ತರ ಗೊತ್ತಿತ್ತು. ಅದೇ ಸಂಕಟ.

ನಾಲ್ಕನೇ ಭಾನುವಾರ ಪಂಪಾ ಕುಣಿಯುತ್ತ ಬಂದಳು. "ಅವ್ವ, ಇವತ್ತೂ ಅಕ್ಕನ ಗೆದ್ಲು! ಮಾಮ ಮತ್ತೊಂದು ನಿಯಮ ಕಿತ್ತಿ ಹಾಕಿದ. ಅಕ್ಕ ಜಗಳಾನ ತೆಗದ್ಲು!"

"ಜಗಳಾ ಆಡಷ್ಟು ಸಲಿಗಿ ಆಗೈತೇನು?"

"ಹ್ಞೂಂ, ಲೇ ಶ್ರೀನಾಥಾ ಅಂತಾಳ!"

ಸುಜಾತಾ ಹೊಲಿಯುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಳು. ತಾನು ಮೂರು ವರ್ಷದಿಂದ 'ರೀ' ದಾಟಿಲ್ಲ...

"ಇನ್ನ ಮ್ಯಾಲೆ ಆ ಮನಿಗೆ ಹೋಗಬ್ಯಾಡ."

ಪಂಪಾಳ ಕಣ್ಣು ತುಂಬಿತು. "ಯಾಕವ್ವ? ಹಂಗಾರ ಒಂದು ಕೇಳ್ತೀನಿ..."

"ಏನೂ ಕೇಳಬ್ಯಾಡ!"

ಸಂಜೆ ಶ್ರೀನಾಥನೇ ಬಂದ. "ಪಂಪಿ ಕಾಣಲಿಲ್ಲ..."

"ಓದ್ಕಂತಾಳ. ನಿಮಗ ಜೋಡಿ ಸಿಕ್ಕೈತಲ್ರಿ, ನಮ್ಮ ಹುಡುಗಿ ಯಾಕ ಬೇಕು?"

ಅವನು ಅವಳ ಮುಖ ನೋಡಿದ. "ಆಟ ಇನ್ನೂ ಮುಗದಿಲ್ಲ ಸುಜಾತಾರ. ಒಂದು ವಾರ ತಡೀರಿ," ಎಂದಷ್ಟೇ ಹೇಳಿ ಹೋದ.

ತಲೆ ಬಗ್ಗಿಸಿ ಅಂಗಳ ದಾಟುವವನನ್ನು ಕರೆಯಬೇಕೆನ್ನಿಸಿತು. ಅವಳು ಕರೆಯಲಿಲ್ಲ. ಆ ವಾರವೆಲ್ಲ ಎದುರಿನ ಬಾಗಿಲು ತೆರೆದಾಗ ಇವಳು ತನ್ನ ಬಾಗಿಲು ಹಾಕಿಕೊಂಡಳು. ಹಾಕಿದ ಬಾಗಿಲಿನ ಹಿಂದೆ ಎಷ್ಟೋ ಹೊತ್ತು ನಿಂತಳು.

ಮುಂದಿನ ಭಾನುವಾರ ಅವಳ ಬಾಗಿಲಿಗೇ ಬಂದವಳು ಸಂಘಮಿತ್ರಾ! ಬಂದವಳೇ ಅಡುಗೆಮನೆಯ ಹೊಸಿಲ ಮೇಲೆ ಕುಳಿತಳು.

"ಅಕ್ಕ, ನನಗೆ ಸಾಕಾಗೈತೆ. ನಿಮ್ಮ ದಮ್ಮಯ್ಯ, ಒಂದ್ಸಲ ಬಂದು ಆಡಿಬಿಡಿ!"

"ನಾನ್ಯಾಕ? ನೀವದೀರಲ್ಲ."

"ನಾನಾ? ಐದು ವಾರದಿಂದ ನನ್ನನ್ನ ಸ್ಟೂಲಿನ ಮೇಲೆ ಕೂರ್ಸಿದಾನೆ! ಕುರ್ಚಿ ಖಾಲಿ ಇದ್ರೂ ಕೊಡಲ್ಲ. ಯಾರದಲೇ ಅದು ಅಂದ್ರೆ, ನಿಮ್ಮ ಈ ಕಿಟಕಿ ಕಡೆ ನೋಡ್ತಾನೆ."

ಸುಜಾತಾಳ ಕೈ ಹಿಟ್ಟಿನಲ್ಲೇ ನಿಂತಿತು.

"ನಾನು ದಾವಣಗೆರೆಯಲ್ಲಿ ಪಂದ್ಯ ಗೆದ್ದೋಳು ಅಂತ ಕರೆಸ್ಕೊಂಡ. ನಾನು ಗೆದ್ದಾಗೆಲ್ಲ ಆಟ ಇನ್ನೂ ಸುಲಭ ಆಗ್ಬೇಕು ಅಂತಾನೆ. ಏನೂ ಗೊತ್ತಿಲ್ದೋರು ನನ್ನ ಸೋಲಿಸೋ ತನಕ ಬಿಡಲ್ವಂತೆ. ನಿನ್ನೆ ಮುಗಿಸ್ದ. ಕೊನೇದು ಓದಿ ನೀವೇ."

ಮಡಿಸಿದ ಹಾಳೆ. ಶ್ರೀನಾಥನ ದುಂಡು ಅಕ್ಷರ. ಹೊಡೆದು ಹಾಕಿದ ಸಾಲುಗಳೇ ಹೆಚ್ಚು. ಕೆಳಗೆ ಕೊನೆಯ ನಿಯಮ:

'ಮೂರನೆಯವರು ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ನಡುವೆ ಎದ್ದು ಹೋಗಬಹುದು. ಎಷ್ಟು ಹೊತ್ತಾದರೂ ಆಟ ಕಾಯುತ್ತದೆ.'

ಸುಜಾತಾ ಎರಡು ಸಲ ಓದಿದಳು. ಮೂರನೇ ಸಲಕ್ಕೆ ಅಕ್ಷರ ಕಾಣಲಿಲ್ಲ...

"ಮತ್ತ ಲೇ ಅಂತ ಕರಿತೀರಿ ಅಂವನ್ನ?"

"ನಮ್ಮಣ್ಣನ ಕ್ಲಾಸ್‌ಮೇಟ್ ಅಕ್ಕ. ಚಿಕ್ಕೋಳಿದ್ದಾಗ ನನ್ನ ಚಾಕಲೇಟ್ ಕದ್ದು ತಿಂತಿದ್ದ. ಇನ್ನೇನನ್ಲಿ, ಸ್ವಾಮಿ ಅನ್ಲಾ?"

ಸುಜಾತಾಳಿಗೆ ಅಳುವಿನ ನಡುವೆಯೇ ನಗು ಬಂತು. ಮಗಳ ಕೈ ಹಿಡಿದು ಅಂಗಳ ದಾಟಿದಳು.

ಶ್ರೀನಾಥ ತಟ್ಟನೆ ಎದ್ದು ನಿಂತ. ಕಾರ್ಡುಗಳು ಕೈಯಿಂದ ಜಾರಿ ಮೇಜಿನ ಮೇಲೆ ಹರಡಿದವು. ಮೂರನೇ ಕುರ್ಚಿಗೆ ಹೊಸ ದಿಂಬು ಹಾಕಿತ್ತು. ಅವಳು ಕುಳಿತಳು. ಪಂಪಾ ತನ್ನ ಜಾಗಕ್ಕೆ ಹಾರಿದಳು. ಸಂಘಮಿತ್ರಾ ಸುಮ್ಮನೆ ಬಂದು ಸುಜಾತಾಳ ಎಡಕ್ಕೆ ಸ್ಟೂಲು ಎಳೆದುಕೊಂಡಳು.

"ಒಲಿ ಮ್ಯಾಲೆ ಹೆಸರುಕಾಳು ಇಟ್ಟು ಬಂದೀನ್ರಿ," ಎಂದಳು ಸುಜಾತಾ.

"ಇರ್ಲಿ. ಆಟ ಕಾಯ್ತೈತಿ."

"ಆಟ ಅಷ್ಟ?"

ಶ್ರೀನಾಥ ತಲೆ ಎತ್ತಿದ. "ಮೂರು ವರ್ಷದಿಂದ ನಾನೂ ಕಾಯಾಕತ್ತೀನಿ, ಸುಜಾತಾ. ಹೇಳಾಕ ಬರಲಿಲ್ಲ... ಇದೊಂದ ಮಾಡಾಕ ಬಂತು."

ಮೊದಲ ಸಲ... ಬರೀ ಸುಜಾತಾ!

"ನನಗ ಹೊಟ್ಟಿಕಿಚ್ಚು ಬಂದಿತ್ತು," ಎಂದಳು ಮೆಲ್ಲಗೆ. "ಭಾಳ ಬಂದಿತ್ತು."

ಪಂಪಾ ಅವ್ವನನ್ನು ನೋಡಿದಳು, ಮಾಮನನ್ನು ನೋಡಿದಳು. ಅವ್ವನ ಎಡಕ್ಕೆ ಕುಳಿತ ಅಕ್ಕನನ್ನೂ ನೋಡಿದಳು. ಐದು ವಾರದಿಂದ ನುಂಗಿಕೊಂಡಿದ್ದು ಇನ್ನು ನಿಲ್ಲಲಿಲ್ಲ.

"ಅವ್ವ, ಈಗರ ಕೇಳ್ಲೇನು?"

"ಕೇಳವ್ವ."

"ಮಾಮನ್ನ ನೀ ತಗಂತೀಯೋ... ದಾಟಿಸ್ತೀಯೋ?"