ಬಲಗಡೆಯ ಒಂಟಿ ಚೆಂಡು

ಅಧ್ಯಕ್ಷರ ಕುರ್ಚಿ ಇರಬೇಕಾದ ಜಾಗದಲ್ಲಿ ಹೂವು ಕೂತಿತ್ತು. ಒಂದೆರಡಲ್ಲ, ಬುಟ್ಟಿಗಟ್ಟಲೆ ಬಿಳಿ ಗುಲಾಬಿ, ಅಗ್ಗಿಷ್ಟಿಕೆಯ ಮುಂದೆ ಎದೆಯೆತ್ತರಕ್ಕೆ. ಕುರ್ಚಿಯನ್ನು ಮೇಜಿನ ಆಚೆ ಬದಿಗೆ, ಕಿಟಕಿಯ ಕಡೆಗೆ ಸಾಗಿಸಿದ್ದರು. ಸದಸ್ಯರ ಕುರ್ಚಿಗಳೆಲ್ಲ ಈಚೆ ಬದಿಗೆ ಬಂದು ಕಿಟಕಿಗೆ ಮುಖ ಮಾಡಿದ್ದವು.

ಹೆಸ್ಟರ್ ಬಾಗಿಲಲ್ಲೇ ನಿಂತಳು. ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಗೆಥಿನ್ ಕೊನೆಯ ಬುಟ್ಟಿ ಹಿಡಿದು ಅವಳ ಹಿಂದೆಯೇ ಬಂದ.

"ಇದು ಸಭೆ ನಡೆಯೋ ಕೋಣೇನೋ, ಹೂವಿನ ಅಂಗಡೀನೋ?"

"ಕೆಳಗೆ ಸೆಕೆಗೆ ಬಾಡ್ತಾ ಇತ್ತು ಕಣ್ರೀ. ಮದುಮಗಳು ಬರೋವರೆಗೆ ತಂಪಾಗಿರ್ಲಿ ಅಂತ." ಗೆಥಿನ್ ನಕ್ಕರೆ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು, ಆಮೇಲೆ ತುಟಿ. ಹೆಸ್ಟರ್ ಅದನ್ನು ನೋಡಬಾರದೆಂದುಕೊಂಡು ಪ್ರತಿಸಲವೂ ನೋಡುತ್ತಿದ್ದಳು.

"ಇವತ್ತು ಯಾವ ದಿನ ಅಂತ ನೆನಪಿದೆ ತಾನೇ?"

"ನನ್ನ ಹಣೆಬರಹದ ದಿನ. ಹೂವು ಇದ್ರೆ ಒಳ್ಳೇದೇ. ಗೆದ್ರೆ ಮದುವೆ ಹೂವು, ಸೋತ್ರೆ ಸಮಾಧಿ ಹೂವು."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬೆಳಗಿನಿಂದ ಅವಳಿಗೆ ಒಳಗೇ ಭಯ. ಭಯವಾದಾಗ ಸಿಡುಕುವುದು ಅವಳ ಹುಟ್ಟುಗುಣ. "ಮತದ ಚೆಂಡು ಹಾಕೋವಾಗ ಈ ಹೂವು ನನ್ನ ನೆನಪಲ್ಲಿರುತ್ತೆ, ನೋಡ್ಕೊಳ್ಳಿ," ಎಂದಳು.

ಅವನ ನಗೆ ಆರಿತು. ಬುಟ್ಟಿಯನ್ನು ಕೆಳಗಿಟ್ಟು, ಬಿದ್ದ ಎಸಳನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಹೊರಟುಹೋದ. ಹೆಸ್ಟರ್ ಕರೆದು ಸರಿಮಾಡಬಹುದಿತ್ತು. ಮಾಡಲಿಲ್ಲ. ಬೀರು ತೆರೆದು ಮತದ ಪೆಟ್ಟಿಗೆಯನ್ನು ತಂದು, ವರ್ಷಗಳಿಂದ ಇಡುತ್ತಿದ್ದ ಹಾಗೇ ಮೇಜಿನ ಮೇಲಿಟ್ಟಳು.

ಲಂಡನ್ನಿನ ಥಾರ್ನ್‌ಬಿ ಹೌಸಿನಲ್ಲಿ ಇರುವವರು ಎರಡೇ ಜಾತಿ. ಮೆಟ್ಟಿಲು ಹತ್ತಿ ಬಂದು ಪಿಸುಗುಡುವವರು, ಮೆಟ್ಟಿಲು ಹತ್ತದೆ ಕೆಳಗೇ ಕುಣಿಯುವವರು. ಮೇಲಿನ ಮಹಡಿಗಳಲ್ಲಿ ನಾಣ್ಯದ ಸಂಘ, ನಕ್ಷೆಯ ಸಂಘ, ಎಲ್ಲಕ್ಕೂ ಹಳೆಯದಾದ ಕಲ್ಲುಹೂವಿನ ಸಂಘ. ಕೆಳಗಿನ ಹಾಲುಗಳಲ್ಲಿ ಮದುವೆ, ಔತಣ, ಕಂಪನಿಗಳ ಪಾರ್ಟಿ. ಕಲ್ಲುಹೂವಿನ ಸಂಘಕ್ಕೆ ಹೆಸ್ಟರ್ ಕಾರ್ಯದರ್ಶಿ. ಹಾಲುಗಳಿಗೆ ಗೆಥಿನ್ ಮ್ಯಾನೇಜರ್. ಉಪನ್ಯಾಸದ ಮಧ್ಯೆ ಕೆಳಗೆ ಡ್ರಮ್ ಬಡಿದಾಗ ಅವಳು ದಡದಡ ಇಳಿದು ಹೋಗುತ್ತಿದ್ದಳು. ಮರುದಿನ ಅವನು ಕ್ಷಮೆ ಕೇಳಲು ಹತ್ತಿ ಬರುತ್ತಿದ್ದ, ಕೈಯಲ್ಲಿ ಉಳಿದ ಮದುವೆ ಕೇಕು. ಹಾಗೇ ಒಮ್ಮೆ ಕೇಕಿನ ಜತೆ ಛಾವಣಿಯ ಹೆಂಚಿನ ಚೂರೊಂದನ್ನು ತಂದು, ಈ ಕಿತ್ತಳೆ ಬಣ್ಣದ್ದು ಏನ್ರೀ ಎಂದು ಕೇಳಿದ್ದ. ಕಲ್ಲುಹೂವು, ಕಲ್ಲು ಹೆಂಚಿನ ಮೇಲೆ ಪಾಚಿಯಂತೆ ಹಬ್ಬುವುದು ಎಂದಿದ್ದಳು. ಅಂದಿನಿಂದ ಅವನಿಗೆ ಅದರ ಹುಚ್ಚು ಹಿಡಿಯಿತು. ಹುಚ್ಚು ಹೂವಿನದೋ ಹೇಳಿಕೊಟ್ಟವಳದೋ ಎಂದು ಬೇರೆಯವರೆಲ್ಲ ಲೆಕ್ಕ ಹಾಕಿದ್ದರು. ಅವರಿಬ್ಬರು ಮಾತ್ರ ಅದರ ಬಗ್ಗೆ ಒಂದಕ್ಷರ ಆಡಿರಲಿಲ್ಲ.

ಇಂದು ಅವನನ್ನು ಸಂಘಕ್ಕೆ ಸೇರಿಸಿಕೊಳ್ಳುವ ಮತದಾನ. ಬಾತ್ ಊರಿನ ಇನ್ನೊಂದು ಹಳೇ ಬಂಗಲೆಯವರು ಅವನನ್ನು ಕೆಲಸಕ್ಕೆ ಕರೆದಿದ್ದರು. ನಾಳೆ ಉತ್ತರ ಕೊಡಬೇಕು. ಸಂಘದವರು ಸೇರಿಸಿಕೊಂಡರೆ ಇಲ್ಲೇ ಇರುತ್ತೇನೆ, ಬೇಡವೆಂದವರಿಗೆ ಮತ್ತೆ ಕುರ್ಚಿ ಹಾಕಲು ತನಗೆ ಮುಖವಿರುವುದಿಲ್ಲ ಎಂದು ಹೋದ ವಾರ ಹೆಸ್ಟರ್‌ಗೆ ಹೇಳಿದ್ದ.

ಸಂಘದ ಕ್ರಮ ಬಹಳ ಹಳೆಯದು. ಒಬ್ಬೊಬ್ಬರೇ ಬಂದು, ಅಧ್ಯಕ್ಷರಿಗೆ ಎದುರಾಗಿ ನಿಂತು, ಪೆಟ್ಟಿಗೆಯ ಮೇಲಿನ ತೂತಿನೊಳಗೆ ಕೈಯಿಳಿಸಿ ಬೆಂಡಿನ ಚೆಂಡೊಂದನ್ನು ಬಿಡಬೇಕು. ಬಲಕ್ಕೆ ಬಿಟ್ಟರೆ ಒಳಗೆ ‘ಬೇಕು’ ಎಂದು ಬರೆದ ಡ್ರಾಯರಿಗೆ, ಎಡಕ್ಕೆ ಬಿಟ್ಟರೆ ‘ಬೇಡ’ ಎಂದು ಬರೆದ ಡ್ರಾಯರಿಗೆ ಬೀಳುತ್ತದೆ. ಬೆಂಡು ಬಿದ್ದರೆ ಸದ್ದಿಲ್ಲ. ಯಾರು ಯಾವ ಕಡೆ ಹಾಕಿದರೆಂದು ದೇವರಿಗೂ ತಿಳಿಯದು. ತಾನು ಹಾಕಿದ್ದನ್ನು ಬಾಯಿಬಿಟ್ಟು ಹೇಳಿದ ಸದಸ್ಯ ಸಂಘ ಬಿಟ್ಟು ಹೋಗಬೇಕು. ಕೊನೆಗೆ ಅಧ್ಯಕ್ಷರು ಮುಮ್ಮೂಲೆಯ ಕಪ್ಪು ಟೋಪಿಯನ್ನು ತಲೆಗಿಟ್ಟರೆ ತೀರ್ಪು ಮುಗಿಯಿತು. ಆಮೇಲೆ ಅದನ್ನು ಯಾರೂ ಅಲ್ಲಾಡಿಸುವಂತಿಲ್ಲ.

ಸಂಜೆಯ ಬಿಸಿಲು ಕಿಟಕಿಯಿಂದ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಹೆಸ್ಟರ್ ತನ್ನ ಸರದಿ ಬಂದಾಗ ಕೈಯಿಳಿಸಿದಳು. ಬಾಗಿಲಾಚೆ, ಮೆಟ್ಟಿಲ ಬಳಿಯ ಬೆಂಚಿನಲ್ಲಿ ಅವನು ಕೂತಿದ್ದಾನೆ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು. ಬಲಕ್ಕೆ ಬಿಟ್ಟಳು.

ಅಧ್ಯಕ್ಷ ಡಾಕ್ಟರ್ ಪೆಲ್ ಎರಡೂ ಡ್ರಾಯರ್ ಎಳೆದರು. ಒಂದರ ತುಂಬ ಚೆಂಡು. ಇನ್ನೊಂದರಲ್ಲಿ ಒಂದೇ ಒಂದು.

ತುಂಬಿದ್ದು ಬೇಡದ ಡ್ರಾಯರ್.

ಬಾಗಿಲು ತೆರೆದು ಗೆಥಿನ್‌ನನ್ನು ಕರೆದರು. ಡಾಕ್ಟರ್ ಪೆಲ್ ಪದ್ಧತಿಯ ಮಾತನ್ನು ಓದುವಾಗ ಎರಡು ಸಲ ತಡವರಿಸಿದರು. ಅವನು ನೆಟ್ಟಗೆ ನಿಂತು ಕೇಳಿದ. ಡ್ರಾಯರಿನ ಕಡೆ ನೋಡಿದ, ಆಮೇಲೆ ಹೆಸ್ಟರ್ ಕಡೆ. ಆ ನೋಟದಲ್ಲಿ ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇರಲಿಲ್ಲ. ನೀವು ಮೊದಲೇ ಹೇಳಿದ್ದಿರಲ್ಲ ಎನ್ನುವಂತೆ ಇತ್ತು ಅದು.

ಎಲ್ಲರಿಗೂ ಥ್ಯಾಂಕ್ಸ್, ಸಭೆ ಮುಗಿದ ಮೇಲೆ ಕುರ್ಚಿಗಳನ್ನು ತಾನೇ ತೆಗೆಸುತ್ತೇನೆ, ಯಾರೂ ತೊಂದರೆ ತಗೋಬೇಡಿ ಎಂದ. ಕೆಳಗೆ ಮದುವೆಯ ಪಿಟೀಲು ಶುರುವಾಗಿತ್ತು. ಡಾಕ್ಟರ್ ಪೆಲ್ ಟೋಪಿಗೆ ಕೈಚಾಚಿದರು.

ಹೆಸ್ಟರ್‌ಗೆ ಅಪ್ಪನ ಕಾಲದಿಂದ ಬಂದದ್ದು ಈ ಸಂಘ. ಇಲ್ಲಿನ ಬೀರುಗಳ ವಾಸನೆ ಅವಳ ಬಾಲ್ಯದ ವಾಸನೆ. ಇದನ್ನು ಬಿಟ್ಟರೆ ತನಗೆ ಬೇರೆ ಏನಿದೆ ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು. ಈಗ ಯೋಚಿಸಲಿಲ್ಲ. ಎದ್ದು ನಿಂತಳು.

"ಅಧ್ಯಕ್ಷರೇ, ಆ ಒಂದು ಚೆಂಡು ನನ್ನದು."

ಟೋಪಿ ಅರ್ಧದಲ್ಲೇ ನಿಂತಿತು. "ಮಿಸ್ ಡೇಕರ್, ನೀವೇನು ಹೇಳ್ತಿದೀರಿ ಅಂತ ಗೊತ್ತಿದೆಯಾ?"

"ಗೊತ್ತು ಸರ್. ನಾಳೆ ಬೀಗದ ಕೈ ಒಪ್ಪಿಸ್ತೀನಿ. ಇವರು ನಾನೂ ಬೇಡ ಅಂದೆ ಅಂದ್ಕೊಂಡು ಮೆಟ್ಟಿಲು ಇಳೀಬಾರ್ದು. ಅಷ್ಟೇ." ಅವನ ಕಡೆ ತಿರುಗಿದಳು. "ಮಧ್ಯಾಹ್ನ ಅಂದದ್ದು ಭಯಕ್ಕೆ. ನೀನು ಊರು ಬಿಟ್ಟುಹೋಗ್ತೀಯೇನೋ ಅನ್ನೋ ಭಯಕ್ಕೆ."

ನೀನು ಎಂದು ಅವಳು ಕರೆದದ್ದು ಅದೇ ಮೊದಲು. ಗೆಥಿನ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಮುಂದಿನ ಸಾಲಿನಲ್ಲಿ ಕೈಕೋಲು ನೆಲಕ್ಕೆ ಕುಟ್ಟಿತು. ಮಿಸೆಸ್ ಓಕ್‌ಶಾಟ್, ಸಂಘದ ಎಲ್ಲರಿಗಿಂತ ಹಿರಿಯಾಕೆ. "ಇದೇನಮ್ಮ ಹೀಗಂತೀಯ? ಆ ಚೆಂಡು ನಂದು. ನಾನೊಬ್ಳೇ ಆ ಹುಡುಗನ ಪರ ಅಂತ ಆಗಿಂದ ಕಣ್ಣೀರು ನುಂಗ್ತಾ ಕೂತಿದೀನಿ."

"ಕ್ಷಮಿಸಿ," ಎಂದರು ಹಿಂದಿನ ಸಾಲಿನಿಂದ ಒಬ್ಬರು, "ಅದು ನಂದು ಅಂದ್ಕೊಂಡಿದ್ದೆ." ಪಕ್ಕದವರು ತಮ್ಮದೆಂದರು. ಅವರ ಪಕ್ಕದವರೂ. ಕೋಣೆ ತುಂಬ ಕುರ್ಚಿ ಕಿರುಗುಟ್ಟಿ, ಮರ್ಯಾದಸ್ಥ ಜನರೆಲ್ಲ ಒಂದೇ ಚೆಂಡಿಗೆ ಹಕ್ಕು ಸಾಧಿಸತೊಡಗಿದರು. ಪ್ರತಿಯೊಬ್ಬರೂ ತಾವೊಬ್ಬರೇ ಒಳ್ಳೆಯವರೆಂದು ನೊಂದುಕೊಂಡು, ನಿಯಮಕ್ಕಂಜಿ ಬಾಯಿ ಹೊಲಿದುಕೊಂಡು ಕೂತಿದ್ದರು. ಮಿಸ್ಟರ್ ಬ್ರಿಗ್ಸ್ ಮಾತ್ರ ಛಾವಣಿಯ ಚಿತ್ತಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಮದುವೆ ಡ್ರಮ್ಮಿನ ಮೇಲೆ ಅತಿ ಹೆಚ್ಚು ದೂರು ಕೊಟ್ಟವರು ಅವರೇ.

ಡಾಕ್ಟರ್ ಪೆಲ್ ಕನ್ನಡಕ ಏರಿಸಿ ಪೆಟ್ಟಿಗೆಯತ್ತ ಬಗ್ಗಿದರು. ಅದರ ಒಂದು ಮುಖಕ್ಕೆ ಹಿತ್ತಾಳೆಯ ಸಿಂಹ. ಆ ಸಿಂಹ ಯಾವಾಗಲೂ ಅಧ್ಯಕ್ಷರನ್ನು ನೋಡಬೇಕು. ಇವತ್ತು ಅದು ಅಧ್ಯಕ್ಷರಿಗೆ ಬೆನ್ನು ಕೊಟ್ಟು ಗುಲಾಬಿಯನ್ನು ನೋಡುತ್ತಿತ್ತು.

ಹೆಸ್ಟರ್ ಸಿಂಹದಿಂದ ಗುಲಾಬಿಗೆ, ಗುಲಾಬಿಯಿಂದ ಕುರ್ಚಿಗೆ ಕಣ್ಣಾಡಿಸಿದಳು. ವರ್ಷಗಳ ರೂಢಿಯಲ್ಲಿ ಸಿಂಹವನ್ನು ಅಗ್ಗಿಷ್ಟಿಕೆಗೆ ಮುಖಮಾಡಿ ಇಟ್ಟವಳು ತಾನೇ. ಕುರ್ಚಿ ಆಚೆ ಹೋದದ್ದು ಕೈಗೆ ನೆನಪಾಗಿರಲಿಲ್ಲ. ಬಲವೆಲ್ಲ ಎಡ, ಎಡವೆಲ್ಲ ಬಲ; ಬೇಕೆಂದು ಹಾಕಿದ ಚೆಂಡೆಲ್ಲ ಬೇಡದ ಡ್ರಾಯರಿಗೆ ಬಿದ್ದಿತ್ತು.

"ಕುರ್ಚಿ ಸರಿಸಿದ್ದು ನಾನು, ಸರ್," ಎಂದ ಗೆಥಿನ್.

"ಪೆಟ್ಟಿಗೆ ಇಟ್ಟದ್ದು ನಾನು," ಎಂದಳು ಹೆಸ್ಟರ್.

"ಸರಿಹೋಯ್ತು," ಎಂದರು ಡಾಕ್ಟರ್ ಪೆಲ್. "ಒಳ್ಳೇ ಜೋಡಿ." ಟೋಪಿಯನ್ನು ಮೇಜಿನ ಮೇಲಿಟ್ಟು, ಇನ್ನೂ ತಲೆಗೇರಿಲ್ಲವಾದ್ದರಿಂದ ಮತ ಮತ್ತೆ ನಡೆಯಲಿ ಎಂದರು. ಬಾಯಿಬಿಟ್ಟವರು ಸಂಘ ಬಿಡಬೇಕಲ್ಲ ಎಂದು ಮಿಸ್ಟರ್ ಬ್ರಿಗ್ಸ್ ಗೊಣಗಿದರು. ಹಾಗಾದರೆ ನಾಳೆಯಿಂದ ನೀವೊಬ್ಬರೇ ಇಲ್ಲಿ ಉಪನ್ಯಾಸ ಮಾಡಿ ನೀವೊಬ್ಬರೇ ಕೇಳಬೇಕಾಗುತ್ತದೆ ಎಂದು ಡಾಕ್ಟರ್ ಪೆಲ್ ಹೇಳಿದ ಮೇಲೆ ಆ ಮಾತು ಮತ್ತೆ ಏಳಲಿಲ್ಲ.

ಸಿಂಹವನ್ನು ತಿರುಗಿಸಿದರು. ಎರಡನೇ ಸಲವೂ ಒಂದು ಡ್ರಾಯರ್ ತುಂಬಿತು, ಇನ್ನೊಂದರಲ್ಲಿ ಒಂಟಿ ಚೆಂಡು. ಈ ಸಲ ಅದಕ್ಕೆ ಯಾರೂ ವಾರಸುದಾರರಿರಲಿಲ್ಲ. ಅಧ್ಯಕ್ಷರು ಗೆಥಿನ್‌ನ ಕೈಹಿಡಿದು ಸದಸ್ಯನೆಂದು ಸಾರಿ, ಟೋಪಿ ತಲೆಗಿಟ್ಟರು.

ಸಭೆ ಚದುರಿ, ಹೂವು ಕೆಳಗಿಳಿದು, ಹಾಲಿನಲ್ಲಿ ಮದುಮಕ್ಕಳು ಕುಣಿಯತೊಡಗಿದಾಗ ಅವರಿಬ್ಬರು ಮೆಟ್ಟಿಲ ಬಳಿಯ ಬೆಂಚಿನಲ್ಲಿ ಕೂತಿದ್ದರು, ನಡುವೆ ಒಂದಿಷ್ಟು ಜಾಗ ಬಿಟ್ಟು. ಬಾತ್‌ನವರಿಗೆ ಬರುವುದಿಲ್ಲವೆಂದು ಆಗಲೇ ಫೋನಿನಲ್ಲಿ ಹೇಳಿಬಿಟ್ಟೆ ಎಂದ ಅವನು. ಹೆಸ್ಟರ್ ತಲೆಯಾಡಿಸಿದಳು.

"ಎರಡನೇ ಸಲ ಯಾವ ಕಡೆ ಹಾಕ್ದೆ?" ಅವನ ಎಡಗಣ್ಣು ಕಿರಿದಾಯಿತು.

"ಅದನ್ನ ಹೇಳೋ ಹಾಗಿಲ್ಲ. ನಿಯಮ."

ಬೆಂಚಿನ ಮೇಲಿದ್ದ ಅವನ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.