ಹೆಸರು ಬಿಡದ ಸರ್ವರ್

"ಸುಳ್ಳು ಬೊಗಳಬೇಡ! ಹಳೇ ಸರ್ವರ್ ಆಫ್ ಮಾಡಿಲ್ಲ ನೀನು!" ಎಂದು ನಾನು ಭಾವಮೈದನ ಮೇಲೆ ಕೂಗಾಡಿದೆ.

"ಮಾಡಿದೀನಿ ಭಾವ. ಅಕ್ಕನ ಮುಖ ನೋಡಿ ಸುಮ್ನಿದೀನಿ."

ಆಫೀಸಿನ ಹಳೇ ಸರ್ವರಿನಲ್ಲಿದ್ದುದನ್ನೆಲ್ಲ ಅದೇ ಹೆಸರಿನ ವರ್ಚುವಲ್ ಮೆಷಿನ್, ಅಂದರೆ ಬರೀ ಸಾಫ್ಟ್‌ವೇರಿನಲ್ಲೇ ಓಡುವ ಕಂಪ್ಯೂಟರ್, ಮಾಡಿ ಹೊಸ ಯಂತ್ರದೊಳಗೆ ಇಳಿಸಿದ್ದೆವು. ಹಳೆಯದನ್ನು ಆಫ್ ಮಾಡದೆ ಹೊಸದನ್ನು ಎಬ್ಬಿಸಿದರೆ ಎರಡೂ ಒಂದೇ ಹೆಸರಿಗೆ ಕಿತ್ತಾಡುತ್ತವೆ. ಪರದೆಯ ಮೇಲೆ ಅದೇ ಎಚ್ಚರಿಕೆ: ಈ ಹೆಸರಿನ ಯಂತ್ರ ಆಗಲೇ ಚಾಲೂ ಇದೆ. ರಾತ್ರಿ ಹನ್ನೆರಡು ಗಂಟೆಯೊಳಗೆ ಸರಿಹೋಗದಿದ್ದರೆ, ನಾನೇ ಹಟ ಹಿಡಿದು ಕೊಡಿಸಿದ್ದ ಅವನ ಕೆಲಸ ಹೋಗುತ್ತಿತ್ತು.

ಅವನು ಕರೆಂಟಿನ ವೈರನ್ನೂ ನೆಟ್‌ವರ್ಕ್ ವೈರನ್ನೂ ತಂದು ನನ್ನ ಮೇಜಿನ ಮೇಲೆ ಎಸೆದ. "ಇನ್ನೇನು ಕೀಳ್ಲಿ, ಅದರ ಕರುಳಾ?"

ನಾನೇ ಒಳಕೋಣೆಗೆ ಹೋಗಿ ನೆಲದ ಮೇಲಿದ್ದ ಆ ಸರ್ವರನ್ನು ಮುಟ್ಟಿದೆ. ವೈರೇ ಇಲ್ಲದ ಆ ತಗಡು ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು. ಒಳಗೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಹೆದರಿಕೆ ಮುಚ್ಚಿಕೊಳ್ಳಲು ಹೊರಗೆ ಬಂದು ಮತ್ತೆ ಅವನನ್ನೇ ಬೈದೆ. "ನಿನ್ನಂಥ ದಂಡಪಿಂಡಾನ ನಂಬಿದ್ನಲ್ಲ!"

"ಸರಿ, ನಾನೇ ಅದರ ಕಾಲು ಹಿಡ್ಕೊಂಡು ಕೇಳ್ತೀನಿ, ಹೆಸರು ಬಿಟ್ಟುಕೊಡಪ್ಪಾ ಅಂತ" ಎಂದು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಕೋಣೆಗೆ ಹೋದ.

ಐದು ನಿಮಿಷದಲ್ಲಿ ಎಚ್ಚರಿಕೆ ಮಾಯವಾಯಿತು. ಹೊಸದು ಎದ್ದಿತು. "ಆಯ್ತು ಕಣೋ, ಬಾ!" ಎಂದು ಕೂಗಿದೆ.

ಒಳಕೋಣೆಗಿರುವುದು ಒಂದೇ ಬಾಗಿಲು. ಅದು ನನ್ನ ಕಣ್ಣೆದುರಿಗೇ ಇತ್ತು. ಹೋಗಿ ನೋಡಿದರೆ ಹಳೇ ಸರ್ವರ್ ತಣ್ಣಗಾಗಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ.

ಆರು ವರ್ಷವಾಯಿತು. ಅವನ ಚಪ್ಪಲಿ ಇನ್ನೂ ಆ ಹೊಸ್ತಿಲಲ್ಲೇ ಇದೆ.